ಛಾಯೆಯಿಲ್ಲದ ಪ್ರಾಕೃತ: ಅಕ್ಕಲಕೋಟೆಯಲ್ಲಿ ಕೂತು ‘ಕುಸುಮಬಾಲೆ’ ಓದಿದ್ದು

1

ಉಪಭಾಷೆಗಳ ಬಗ್ಗೆ ನಡೆಯುವ ವಿಚಾರ ಸಂಕಿರಣದಲ್ಲಿ ನನ್ನಂಥ ಸಂಸ್ಕೃತ ಮಾಸ್ತರನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಾನು ಭಾಷಾವಿಜ್ಞಾನ ಓದಿದವನಲ್ಲ. ಮಠದ ಪಾಠಶಾಲೆಯಲ್ಲಿ ಅಮರಕೋಶ, ಶಬ್ದರೂಪ, ಧಾತುರೂಪ ಬಾಯಿಪಾಠ ಮಾಡಿ, ಆಮೇಲೆ ಪರೀಕ್ಷೆ ಕಟ್ಟಿ, ಅಕ್ಕಲಕೋಟೆ ತಾಲೂಕಿನ ಶಾಲೆಗಳಲ್ಲಿ ಮೂವತ್ತು ವರುಷಕ್ಕೂ ಹೆಚ್ಚು ಕಾಲ ಸಂಸ್ಕೃತ ಕಲಿಸಿದವನು. ಕನ್ನಡದ ಮಾಸ್ತರರು ಇಲ್ಲದ ವರುಷಗಳಲ್ಲಿ ಕನ್ನಡದ ತಾಸುಗಳನ್ನೂ ನಾನೇ ತೆಗೆದುಕೊಂಡಿದ್ದೇನೆ. ಮನೆಯಲ್ಲಿ ಅಕ್ಕಲಕೋಟೆ ಕಡೆಯ ಕನ್ನಡ, ಬಜಾರಿನಲ್ಲಿ ಮರಾಠಿ, ಶಾಲೆಯಲ್ಲಿ ಪುಸ್ತಕದ ಕನ್ನಡ, ಪೂಜೆಯ ಹೊತ್ತಿಗೆ ಸಂಸ್ಕೃತ. ಹೀಗೆ ನಾಲ್ಕು ನಾಲಿಗೆಯಲ್ಲಿ ಬದುಕಿದವನಿಗೆ ಒಂದು ಸಣ್ಣ ಕನ್ನಡ ಪುಸ್ತಕ ಓದಲಿಕ್ಕೆ ಬರಲಿಲ್ಲ. ಆ ಸೋಲಿನ ವಿಚಾರವನ್ನೇ ಇಲ್ಲಿ ತಮ್ಮ ಮುಂದೆ ಇಡುತ್ತಿದ್ದೇನೆ.

ಪುಸ್ತಕ ದೇವನೂರ ಮಹಾದೇವ ಅವರ ‘ಕುಸುಮಬಾಲೆ’. 1984ರಲ್ಲಿ ಪ್ರಕಟವಾದದ್ದು. ಇದಕ್ಕೆ 1990ರ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂದಾಗ ಪತ್ರಿಕೆಯಲ್ಲಿ ಹೆಸರು ಓದಿದೆ. ‘ಬಾಲೆ’ ಎಂಬ ಶಬ್ದ ನೋಡಿ ಲಲಿತವಾದ ಯಾವುದೋ ಕಥೆ ಇರಬೇಕೆಂದು ತರಿಸಿಕೊಂಡೆ. ಖರೇ ಹೇಳಬೇಕೆಂದರೆ ನಾಲ್ಕು ಪುಟ ಆಗಲಿಲ್ಲ, ಮುಚ್ಚಿಟ್ಟೆ. ಎರಡನೆಯ ಸಲ ನಿವೃತ್ತಿಯಾದ ಮೇಲೆ ಹಟ ಹಿಡಿದು ಕೂತೆ, ಅರ್ಧಕ್ಕೆ ಬಂದು ನಿಂತೆ. ಮೂರನೆಯ ಸಲ ಮುಗಿಸಿದೆ. ಆದರೆ ಆ ಮುಗಿಸುವಿಕೆಯಲ್ಲಿ ನನ್ನ ಪಾಂಡಿತ್ಯದ ಪಾಲು ಎಷ್ಟು, ಮನೆಯ ಮುದುಕಿಯ ಪಾಲು ಎಷ್ಟು ಎಂಬುದನ್ನು ಮುಂದೆ ಹೇಳುತ್ತೇನೆ.

2

‘ತಿಳಿಯುವುದಿಲ್ಲ’ ಎಂಬ ಮಾತು ಸಡಿಲವಾದದ್ದು. ಎಲ್ಲಿ ತಿಳಿಯಲಿಲ್ಲ, ಏಕೆ ತಿಳಿಯಲಿಲ್ಲ ಎಂದು ವಿಂಗಡಿಸಿ ಹೇಳಬೇಕು. ನಮ್ಮ ಶಾಸ್ತ್ರದಲ್ಲಿ ವಾಕ್ಯದ ಅರ್ಥ ಹುಟ್ಟಲಿಕ್ಕೆ ಮೂರು ಬೇಕು ಎನ್ನುತ್ತಾರೆ: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ಒಂದು ಪದ ಇನ್ನೊಂದನ್ನು ಬೇಡುವುದು ಆಕಾಂಕ್ಷೆ. ಆ ಪದಗಳ ಅರ್ಥ ಒಂದಕ್ಕೊಂದು ಒಗ್ಗುವುದು ಯೋಗ್ಯತೆ. ಅವು ಹತ್ತಿರ ಹತ್ತಿರ ಬರುವುದು ಸನ್ನಿಧಿ. ಇದಕ್ಕೂ ಮೊದಲು ಪದ ಪದವಾಗಿ ಗುರುತು ಸಿಗಬೇಕು. ‘ಕುಸುಮಬಾಲೆ’ ನನ್ನನ್ನು ಈ ಎಲ್ಲ ಕಡೆಯೂ ತಡೆಯಿತು.

ಮೊದಲನೆಯದು ಪದ. ಲೇಖಕರು 1948ರಲ್ಲಿ ನಂಜನಗೂಡು ತಾಲೂಕಿನ ದೇವನೂರಿನಲ್ಲಿ ಹುಟ್ಟಿದವರು. ಕಾದಂಬರಿಯ ಮಾತು ಆ ಸೀಮೆಯದು. ಇಲ್ಲಿಂದ ಆ ಊರು ಸುಮಾರು ಏಳುನೂರು ಕಿಲೋಮೀಟರು. ನಮ್ಮಲ್ಲಿ ‘ಏನ’ ಅಂದರೆ ಅಲ್ಲಿ ‘ಯಾನ’. ನಾವು ‘ಬಿಡು’ ಅಂದರೆ ಅವರು ‘ಬುಡು’. ನಾವು ‘ಬರ್ತಾನ’ ಎಂದು ರೇಫ ಉಳಿಸಿಕೊಳ್ಳುತ್ತೇವೆ, ಅಲ್ಲಿ ಅದು ತಕಾರದಲ್ಲಿ ಕರಗಿ ‘ಬತ್ತಾನೆ’ ಆಗುತ್ತದೆ. ನಮ್ಮ ಹಳ್ಳಿಯವರು ಎಷ್ಟೇ ಅವಸರದಲ್ಲಿ ಮಾತಾಡಿದರೂ ‘ಹಾಲು’ ಹಾಲೇ. ಅಲ್ಲಿ ಹಕಾರ ಜಾರಿ ‘ಆಲು’. ಕಣ್ಣಿಂದ ಓದುವವನಿಗೆ ಇದು ದೊಡ್ಡ ತೊಡಕು, ಏಕೆಂದರೆ ನಿಘಂಟಿನಲ್ಲಿ ಹುಡುಕಬೇಕಾದ ಮೊದಲನೆಯ ಅಕ್ಷರವೇ ಕಳೆದುಹೋಗಿರುತ್ತದೆ. ಹಾಗಂತ ಎಲ್ಲವೂ ಪರಕೀಯವಲ್ಲ. ಮೈಸೂರು-ನಂಜನಗೂಡು ಕಡೆಯ ‘ಅದೆ’, ‘ಅದ’ ನಮ್ಮ ಸೊಲ್ಲಾಪುರ-ಕಲಬುರಗಿಯ ‘ಅದ’ಕ್ಕೆ ಅಕ್ಕತಂಗಿ. ನಡುವಿನ ಎಷ್ಟೋ ಜಿಲ್ಲೆಗಳು ‘ಐತಿ’, ‘ಐತೆ’ ಎನ್ನುವಾಗ ಎರಡು ತುದಿಯವರು ‘ಅದ’ ಎಂದು ಒಂದೇ ದನಿಯಲ್ಲಿ ಮಾತಾಡುವುದು ನನಗೆ ಸೋಜಿಗವೆನಿಸಿತು. ಇದಕ್ಕೆ ಕಾರಣ ಹೇಳುವುದು ಇಲ್ಲಿ ಸೇರಿದ ವಿದ್ವಾಂಸರ ಕೆಲಸ.

ಎರಡನೆಯದು ಅನ್ವಯ. ಇಲ್ಲಿ ಮಾತು ಯಾರದು, ಮನಸ್ಸಿನಲ್ಲಿ ಅಂದುಕೊಂಡದ್ದೋ ಬಾಯಿಬಿಟ್ಟು ಆಡಿದ್ದೋ, ಕತೆ ಹೇಳುವವನದೋ ಪಾತ್ರದ್ದೋ ಎಂದು ಗೆರೆ ಎಳೆದು ತೋರಿಸುವುದಿಲ್ಲ. ಒಂದು ಮನೆತನದ ಹಿಂದಿನ ತಲೆಮಾರು, ಇಂದಿನ ತಲೆಮಾರು ಒಂದರೊಳಗೊಂದು ಹೆಣೆದುಕೊಂಡಿವೆ. ಅಕ್ಕಮಹಾದೇವಿ ಎಂಬ ತಾಯಿ, ಅವಳ ಮಗ ಯಾಡ, ಆ ಮನೆಯಲ್ಲಿ ಮುಂದೆ ಹುಟ್ಟುವ ಕುಸುಮ, ಅವಳು ಮನಸ್ಸು ಕೊಟ್ಟ ದಲಿತರ ಹುಡುಗ ಚನ್ನ, ಆ ಸಂಬಂಧಕ್ಕೆ ಬಂದ ಕೊಲೆಯ ಕೊನೆ. ಹೀಗೆ ಸಾಲಾಗಿ ಬರೆದರೆ ಯಾರಿಗೂ ತಿಳಿಯುವ ಕತೆ. ಕಾದಂಬರಿ ಇದನ್ನು ಸಾಲಾಗಿ ಹೇಳುವುದಿಲ್ಲ. ತುಂಡುತುಂಡಾಗಿ, ಊರ ಜನ ಪಿಸುಗುಟ್ಟಿದ ಹಾಗೆ ಹೇಳುತ್ತದೆ.

ಮೂರನೆಯದು ಯೋಗ್ಯತೆ. ತರ್ಕಶಾಸ್ತ್ರದ ಹುಡುಗರಿಗೆ ಕೊಡುವ ಹಳೆಯ ಉದಾಹರಣೆ ಒಂದಿದೆ: ‘ಬೆಂಕಿಯಿಂದ ನೆನೆಸುತ್ತಾನೆ’ ಎಂಬ ವಾಕ್ಯದಲ್ಲಿ ವ್ಯಾಕರಣ ಸರಿ ಇದ್ದರೂ ಅರ್ಥ ಹುಟ್ಟುವುದಿಲ್ಲ, ಏಕೆಂದರೆ ನೆನೆಸುವ ಯೋಗ್ಯತೆ ಬೆಂಕಿಗೆ ಇಲ್ಲ. ಈ ಕಾದಂಬರಿಯಲ್ಲಿ ರಾತ್ರಿ ಮನೆಮನೆಯ ದೀಪಗಳು ಜೋತಮ್ಮಗಳಾಗಿ ಹೊರಬಂದು ಒಂದೆಡೆ ಸೇರಿ ಮಾತಾಡುತ್ತವೆ. ಮಂಚವೂ ಮಾತಾಡುತ್ತದೆ. ಓದುತ್ತಿದ್ದ ನಾನು ಪೆನ್ಸಿಲಿನಿಂದ ಅಂಚಿನಲ್ಲಿ ‘ಯೋಗ್ಯತಾಭಾವ’ ಎಂದು ಬರೆದೆ. ಆ ಬರಹ ಈಗಲೂ ನನ್ನ ಪ್ರತಿಯಲ್ಲಿದೆ.

3

ತೊಡಕು ಹೀಗೆ ಗಂಟುಬಿದ್ದಾಗ ಸಂಸ್ಕೃತದವನು ಏನು ಮಾಡುತ್ತಾನೆ? ಛಾಯೆ ಹುಡುಕುತ್ತಾನೆ. ಸಂಸ್ಕೃತ ನಾಟಕಗಳಲ್ಲಿ ರಾಜ, ಮಂತ್ರಿ, ಋಷಿ ಸಂಸ್ಕೃತ ಆಡುತ್ತಾರೆ. ಹೆಂಗಸರು, ವಿದೂಷಕ, ಆಳುಕಾಳುಗಳು ಪ್ರಾಕೃತ ಆಡುತ್ತಾರೆ. ಅಚ್ಚಾದ ಪುಸ್ತಕಗಳಲ್ಲಿ ಪ್ರಾಕೃತದ ಮಾತಿನ ಜೊತೆಗೇ ಅದರ ಸಂಸ್ಕೃತ ರೂಪ ಕೊಟ್ಟಿರುತ್ತಾರೆ. ಅದಕ್ಕೆ ಛಾಯೆ ಎಂದು ಹೆಸರು. ನಾವು ವಿದ್ಯಾರ್ಥಿಗಳಾಗಿದ್ದಾಗ ಪ್ರಾಕೃತವನ್ನು ಹಾರಿಸಿ ಛಾಯೆಯನ್ನೇ ಓದುತ್ತಿದ್ದೆವು. ಪಾಠ ಹೇಳುವವರೂ ಹಾಗೇ ಹೇಳುತ್ತಿದ್ದರು; ಮುಂದೆ ನಾನೂ ಹಾಗೇ ಹೇಳಿದೆ. ಶಕುಂತಲೆ ಆಡಿದ ಮಾತನ್ನು ಅವಳು ಆಡಿದಂತೆ ಕೇಳಿಸಿಕೊಳ್ಳದೆಯೇ ಅವಳ ಮೇಲೆ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆಸಿದ್ದೇನೆ.

ಅದೇ ರೂಢಿಯಲ್ಲಿ ‘ಕುಸುಮಬಾಲೆ’ಗೂ ಛಾಯೆ ಮಾಡಲಿಕ್ಕೆ ಕೂತೆ. ಪ್ರತಿ ಸಾಲಿನ ಮೇಲೂ ಪೆನ್ಸಿಲಿನಿಂದ ಪುಸ್ತಕದ ಕನ್ನಡ ಬರೆಯುತ್ತ ಹೋದೆ. ಮೂವತ್ತು ಪುಟಗಳಾದವು. ಆಮೇಲೆ ಒಂದು ದಿನ ಬರೀ ಛಾಯೆಯನ್ನೇ ಮೊದಲಿಂದ ಓದಿಕೊಂಡೆ. ಅರ್ಥವೇನೋ ಆಯಿತು. ಆದರೆ ಎಲ್ಲರೂ ಒಂದೇ ಊರಿನ, ಒಂದೇ ಓಣಿಯ, ನನ್ನಂಥ ನಿವೃತ್ತ ಮಾಸ್ತರರ ಹಾಗೆ ಮಾತಾಡುತ್ತಿದ್ದರು. ಯಾರ ಕೈಗೂ ಮಣ್ಣು ಮೆತ್ತಿರಲಿಲ್ಲ. ಚನ್ನನ ಸಾವು ಪಂಚನಾಮೆಯ ಕಾಗದದಲ್ಲಿ ಬರೆದ ಸಾವಿನಂತೆ ಇತ್ತು.

ಆಗ ನನಗೆ ‘ಶಾಕುಂತಲ’ದ ಆರನೆಯ ಅಂಕದ ಬೆಸ್ತ ನೆನಪಾದ. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕು, ಅದನ್ನು ಮಾರಲು ಹೋಗಿ, ಕಳ್ಳನೆಂದು ಕಾವಲಿನವರ ಕೈಯಲ್ಲಿ ಹೊಡೆತ ತಿನ್ನುವ ಬಡವ. ಅವನದು ಮಾಗಧಿ. ರಕಾರಕ್ಕೆ ಲಕಾರ, ಸಕಾರಕ್ಕೆ ಶಕಾರ. ಅವನು ಬಾಯಿ ತೆರೆದ ಕೂಡಲೇ ಅವನ ಜಾತಿ, ಕಸುಬು, ಅವನಿಗೆ ಸಿಗುವ ಹೊಡೆತ ಎಲ್ಲ ಕೇಳಿಸುತ್ತವೆ. ಛಾಯೆಯಲ್ಲಿ ಓದಿದರೆ ಅವನು ದುಷ್ಯಂತನ ಹಾಗೆಯೇ ಶುದ್ಧವಾಗಿ ಮಾತಾಡುತ್ತಾನೆ. ಹಾಗೆ ಮಾತಾಡುವವನನ್ನು ಯಾವ ಕಾವಲುಗಾರ ಹೊಡೆದಾನು? ಛಾಯೆ ಅರ್ಥವನ್ನು ಉಳಿಸಿ ಕಾರಣವನ್ನು ಅಳಿಸುತ್ತದೆ. ನಾಟಕ ಕಲಿಸುತ್ತಿದ್ದ ಅಷ್ಟು ವರುಷ ಇದು ನನಗೆ ಹೊಳೆದಿರಲಿಲ್ಲ. ದೇವನೂರರ ಕಾದಂಬರಿ ಹೊಳೆಯಿಸಿತು.

ಇನ್ನೂ ಒಂದು ಭೇದವಿದೆ, ಅದೇ ಮುಖ್ಯವಾದದ್ದು. ಸಂಸ್ಕೃತ ನಾಟಕದಲ್ಲಿ ಪ್ರಾಕೃತ ಪಾತ್ರದ ಬಾಯಲ್ಲಿ ಮಾತ್ರ, ರಂಗಸೂಚನೆಯೆಲ್ಲ ಸಂಸ್ಕೃತದಲ್ಲಿ. ಕನ್ನಡ ಕಾದಂಬರಿಯಲ್ಲೂ ಬಹುಕಾಲ ಇದೇ ಏರ್ಪಾಡು ನಡೆದುಬಂತು. ಸಂಭಾಷಣೆ ಆಡುಮಾತಿನಲ್ಲಿ, ನಿರೂಪಣೆ ಶಿಷ್ಟ ಕನ್ನಡದಲ್ಲಿ. ಓದುಗನಿಗೆ ನಿರೂಪಕನ ಪಕ್ಕದಲ್ಲಿ ಒಂದು ಗಾದಿ ಹಾಕಿಟ್ಟಿರುತ್ತದೆ. ಅಲ್ಲಿ ಕೂತು ಹಳ್ಳಿಯವರ ಮಾತನ್ನು ಕೇಳಿ ನಗಬಹುದು, ಮರುಗಬಹುದು. ‘ಕುಸುಮಬಾಲೆ’ಯಲ್ಲಿ ನಿರೂಪಣೆಯೇ ಆಡುಮಾತಿನಲ್ಲಿದೆ. ‘ಮೃಚ್ಛಕಟಿಕ’ದ ಆರಂಭದಲ್ಲಿ ಸೂತ್ರಧಾರ ಸಂಸ್ಕೃತದಲ್ಲಿ ಮಾತು ಶುರು ಮಾಡಿ, ಹಸಿದು ಮನೆಗೆ ಹೋಗುವಾಗ ಕಾರ್ಯವಶದಿಂದ ಪ್ರಾಕೃತಕ್ಕೆ ಹೊರಳುತ್ತಾನೆ. ದೇವನೂರರ ಸೂತ್ರಧಾರ ಮೊದಲಿಂದಲೂ ಮನೆಯೊಳಗೇ ಇದ್ದಾನೆ, ಸಂಸ್ಕೃತಕ್ಕೆ ತಿರುಗಿ ಬರುವುದೇ ಇಲ್ಲ. ನಾನು ತಡಕಾಡಿದ್ದು ಅರ್ಥಕ್ಕೆ ಎಂದುಕೊಂಡಿದ್ದೆ. ನಿಜವಾಗಿ ಹುಡುಕುತ್ತಿದ್ದದ್ದು ಆ ಗಾದಿಯನ್ನು. ಅದು ಇರಲಿಲ್ಲ, ಅದಕ್ಕೆ ಸಿಟ್ಟು ಬಂತು. ಆ ಸಿಟ್ಟಿಗೆ ‘ಕ್ಲಿಷ್ಟ’ ಎಂಬ ಗೌರವದ ಹೆಸರು ಕೊಟ್ಟೆ.

4

ಈಗ ದೀಪದ ವಿಷಯ. ನಮ್ಮ ಮನೆಯಲ್ಲಿ ನನಗಿಂತ ಹಿರಿಯಳಾದ ಅಕ್ಕ ಇದ್ದಾಳೆ. ಶಾಲೆಯ ಮುಖ ಕಂಡವಳಲ್ಲ. ಒಂದು ಸಂಜೆ ಕರೆಂಟು ಹೋಗಿತ್ತು. ಅವಳು ದೇವರ ಮುಂದೆ ದೀಪ ಹಚ್ಚಿ ಕೂತಿದ್ದಳು. ನಾನು ಅದೇ ಬೆಳಕಿನಲ್ಲಿ ಜೋತಮ್ಮಗಳ ಭಾಗವನ್ನು ದೊಡ್ಡದಾಗಿ ಓದುತ್ತಿದ್ದೆ. ಓದಿ, “ಇದಕ್ಕ ತಲಿ ಇಲ್ಲ ಬುಡ ಇಲ್ಲ” ಎಂದು ಬೇಸರಪಟ್ಟೆ.

ಅಕ್ಕ ಅಂದಳು: “ತಮ್ಮಾ, ಇದರಾಗ ತಿಳೀಲಾರದ್ದು ಏನದ? ದೀಪ ದೊಡ್ಡದು ಮಾಡಿದ ಮ್ಯಾಲ ಅವೆಲ್ಲಾ ಮಾರುತಿ ಗುಡಿಗಿ ಹೋಗಿ ಕೂಡ್ತಾವಲ್ಲ, ಅದೇ ಅಲ್ಲೇನು? ಅವ್ವ ಹೇಳ್ತಿದ್ಲು, ಮರ್ತಿ ಏನು?”

ನಮ್ಮ ಕಡೆ ದೀಪ ಆರಿಸುವುದಕ್ಕೆ ‘ಆರಿಸು’ ಎನ್ನುವುದಿಲ್ಲ, ‘ದೊಡ್ಡದು ಮಾಡು’ ಎನ್ನುತ್ತೇವೆ. ಅಕ್ಕ ಹೇಳಿದ ಕತೆ ಇಲ್ಲಿ ಎಷ್ಟೋ ಜನರಿಗೆ ಗೊತ್ತಿದ್ದೀತು. ಒಬ್ಬಾಕಿಗೆ ಒಂದು ಕತೆ, ಒಂದು ಹಾಡು ಬರುತ್ತಿತ್ತು. ಆಕೆ ಅವನ್ನು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಗಟ್ಟಿದ ಕತೆ-ಹಾಡು ಒಂದು ದಿನ ಆಕೆ ಮಲಗಿದಾಗ ಹೊರಬಿದ್ದು, ಕತೆ ಜೋಡು ಆಯಿತು, ಹಾಡು ಗಂಡಸಿನ ಕೋಟು ಆಯಿತು. ಗಂಡ ಬಂದು ನೋಡಿ, ಯಾರು ಬಂದಿದ್ದರು ಎಂದು ಜಗಳ ತೆಗೆದು, ಸಿಟ್ಟಿನಿಂದ ಗುಡಿಯಲ್ಲಿ ಹೋಗಿ ಮಲಗಿದ. ರಾತ್ರಿ ಊರ ದೀಪಗಳೆಲ್ಲ ಅಲ್ಲಿ ಸೇರಿದವು. ತಡವಾಗಿ ಬಂದ ಒಂದು ದೀಪ ತನ್ನ ಮನೆಯಲ್ಲಿ ನಡೆದ ಜಗಳದ ಕಾರಣ ಹೇಳಿತು. ಗಂಡನಿಗೆ ನಿಜ ತಿಳಿದದ್ದು ಹಾಗೆ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿ ಇಂಗ್ಲಿಷಿಗೆ ತಂದ ಕನ್ನಡದ ಕತೆಗಳಲ್ಲಿ ಇದೂ ಒಂದು. ಗಿರೀಶ ಕಾರ್ನಾಡರ ‘ನಾಗಮಂಡಲ’ದ ಆರಂಭದಲ್ಲಿ ಗುಡಿಗೆ ಬರುವ ದೀಪಗಳೂ ಇದರವೇ.

ನಾನು ಹುಡುಗನಾಗಿದ್ದಾಗ ಕೇಳಿದ ಕತೆಯನ್ನು ತರ್ಕಶಾಸ್ತ್ರ ಓದಿ ಮರೆತಿದ್ದೆ. ಅಕ್ಕ ಶಾಸ್ತ್ರ ಓದಲಿಲ್ಲ, ಮರೆಯಲಿಲ್ಲ. ‘ಯೋಗ್ಯತಾಭಾವ’ ಎಂದು ನಾನು ಬರೆದ ಜಾಗದಲ್ಲಿ ಅಭಾವ ಇದ್ದದ್ದು ದೀಪದಲ್ಲಲ್ಲ.

ಇಷ್ಟು ಗೊತ್ತಾದ ಮೇಲೆ ಕಾದಂಬರಿಯ ಹೆಣಿಗೆ ಬಿಚ್ಚಿಕೊಂಡಿತು. ಆ ಊರಿನಲ್ಲಿ ಬಾಯಿಬಿಟ್ಟು ಹೇಳಲಾಗದ ಒಂದು ಸಂಗತಿ ನಡೆದಿದೆ. ಮೇಲಿನವರು ಹೇಳಲಾರರು, ಏಕೆಂದರೆ ಅದು ಅವರ ಮನೆಯ ಮಾನದ ಪ್ರಶ್ನೆ. ಕೆಳಗಿನವರು ಹೇಳಲಾರರು, ಏಕೆಂದರೆ ಅದು ಅವರ ಜೀವದ ಪ್ರಶ್ನೆ. ಮನುಷ್ಯರು ಹೇಳಲಾರದ್ದನ್ನು ಮನೆಯೊಳಗೆ ಎಲ್ಲವನ್ನೂ ಕಂಡ ದೀಪ ಹೇಳಬೇಕು, ಮಂಚ ಹೇಳಬೇಕು. ಮನುಷ್ಯರು ಒಂದೆಡೆ ಕೂಡಲಾರದ ಊರಿನಲ್ಲಿ ದೀಪಗಳು ಕೂಡಬೇಕು. ಜನಪದ ಕತೆಯಲ್ಲಿ ದೀಪ ಹೇಳಿದ ನಿಜದಿಂದ ಗಂಡಹೆಂಡಿರ ಜಗಳ ತೀರುತ್ತದೆ. ಕಾದಂಬರಿಯಲ್ಲಿ ಜೋತಮ್ಮಗಳು ಎಷ್ಟು ಮಾತಾಡಿದರೂ ಸತ್ತವನು ಬರುವುದಿಲ್ಲ, ಕೊಂದವರಿಗೆ ಕೇಳಿಸುವುದೂ ಇಲ್ಲ. ಕೇಳಿಸುವುದು ಓದುವವನಿಗೆ ಮಾತ್ರ. ಗುಡಿಯಲ್ಲಿ ಮಲಗಿದ ಗಂಡನ ಜಾಗದಲ್ಲಿ ಇಲ್ಲಿ ನಾವು ಮಲಗಿದ್ದೇವೆ. ಹಳೆಯ ಕತೆಯನ್ನು ಲೇಖಕರು ಬಳಸಿಕೊಂಡ ಬಗೆ ಇದು ಎಂದು ನನ್ನ ತಿಳಿವಳಿಕೆ. ಜೋತಮ್ಮ ಬರೀ ಅಲಂಕಾರಕ್ಕೆ ಬಂದವಳಲ್ಲ.

‘ಜೋತಿ’ ಎಂಬ ರೂಪದ ಬಗ್ಗೆಯೂ ಒಂದು ಮಾತು. ಶಾಲೆಯಲ್ಲಿ ಹುಡುಗರು ‘ಜೋತಿ’ ಎಂದು ಬರೆದರೆ ಯಕಾರ ಸೇರಿಸಿ ‘ಜ್ಯೋತಿ’ ಮಾಡುತ್ತಿದ್ದೆ. ಪಾಲಿಯಲ್ಲಿ ಅದು ‘ಜೋತಿ’ಯೇ. ಎರಡು ಸಾವಿರ ವರುಷದ ಹಿಂದೆಯೇ ಜನ ಬಾಯಿಗೆ ಒಗ್ಗಿಸಿಕೊಂಡ ರೂಪವನ್ನು ನಾನು ತಪ್ಪು ಎಂದು ತಿದ್ದುತ್ತಿದ್ದೆ.

5

ತಿದ್ದುವ ಮಾತು ಬಂತು, ಅದನ್ನು ಮುಗಿಸುತ್ತೇನೆ. ಸಂಕೋಚವಾಗುತ್ತದೆ, ಆದರೂ ಉಪಭಾಷೆಯ ಸಂಕಿರಣದಲ್ಲಿ ಹೇಳದೆ ಮತ್ತೆಲ್ಲಿ ಹೇಳಲಿ?

ಕನ್ನಡದ ತಾಸು ನನ್ನ ಕೈಯಲ್ಲಿದ್ದ ಒಂದು ವರುಷ, ಹುಡುಗರಿಗೆ ತಮ್ಮ ಮನೆಯ ಬಗ್ಗೆ ಒಂದು ಪುಟ ಬರೆಯಲು ಹೇಳಿದೆ. ಒಬ್ಬ ಹುಡುಗ, ಕಬ್ಬು ಕಡಿಯಲು ಹೋಗುವವರ ಮನೆಯವನು, ತುಂಬಾ ಚಲೋ ಬರೆದಿದ್ದ. ಅಪ್ಪ ಹೋಗ್ಯಾನ, ಅವ್ವ ಹೋಗ್ಯಾಳ, ಮನ್ಯಾಗ ಅಜ್ಜಿ ಅದಾಳ, ಆಡು ಅದ. ಎಲ್ಲ ನಮ್ಮ ಮಾತಿನಲ್ಲೇ. ನಾನು ಕೆಂಪು ಶಾಯಿಯಿಂದ ‘ಹೋಗ್ಯಾನ’ ಹೊಡೆದು ‘ಹೋಗಿದ್ದಾನೆ’ ಮಾಡಿದೆ, ‘ಮನ್ಯಾಗ’ ಹೊಡೆದು ‘ಮನೆಯಲ್ಲಿ’ ಮಾಡಿದೆ. ಪುಟ ಪೂರ್ತಿ ಕೆಂಪಾಯಿತು.

ಹುಡುಗ ವಹಿ ನೋಡಿ, “ಗುರೂಜಿ, ನಮ್ಮ ಮನ್ಯಾಗ ಹಿಂಗ ಯಾರೂ ಅನ್ನಂಗಿಲ್ರಿ” ಅಂದ.

“ಪುಸ್ತಕದಾಗ ಅಂತಾರ. ಅದನ್ನೇ ಬರಿ” ಅಂದೆ.

ಮುಂದೆ ಅವನು ಪುಸ್ತಕದಲ್ಲಿದ್ದದ್ದನ್ನೇ ಬರೆದ. ತನ್ನ ಮನೆಯ ಬಗ್ಗೆ ಮತ್ತೆ ಬರೆಯಲಿಲ್ಲ. ಒಂದೆರಡು ವರುಷದಲ್ಲಿ ಶಾಲೆಯನ್ನೂ ಬಿಟ್ಟ. ಬಿಡಲಿಕ್ಕೆ ಬಡತನವೇ ಕಾರಣವಿದ್ದೀತು. ಎಲ್ಲವನ್ನೂ ನನ್ನ ಶಾಯಿಯ ಮೇಲೆ ಹಾಕಿಕೊಳ್ಳುವುದೂ ಒಂದು ಬಗೆಯ ಜಂಬವಾದೀತು. ಆದರೆ ಆ ಒಂದು ಪುಟ ಮಾತ್ರ ನನ್ನ ಲೆಕ್ಕಕ್ಕೇ ಸೇರಿದ್ದು. ಹೇಳದ ಕತೆ ಜೋಡು ಆಗುತ್ತದಂತೆ. ಆ ಹುಡುಗನ ಕತೆ ಏನಾಯಿತೋ.

ಸೊಲ್ಲಾಪುರ-ಅಕ್ಕಲಕೋಟೆಯ ಕನ್ನಡಿಗನಿಗೆ ಈ ಪೆಟ್ಟು ಇಮ್ಮಡಿ. ಮರಾಠಿಯವರು ನಮ್ಮನ್ನು ಕನ್ನಡದವರು ಎನ್ನುತ್ತಾರೆ. ಬೆಂಗಳೂರು-ಮೈಸೂರಿಗೆ ಹೋದರೆ ನಮ್ಮ ಮಾತು ಕೇಳಿ ನೀವು ಮರಾಠಿಯವರೇ ಎಂದು ಕೇಳುತ್ತಾರೆ. ಅದಕ್ಕೇ ನಾವು ಶಿಷ್ಟ ಕನ್ನಡವನ್ನು ಬೇರೆಯವರಿಗಿಂತ ಗಟ್ಟಿಯಾಗಿ ಹಿಡಿದುಕೊಂಡೆವು. ಹನ್ನೆರಡನೆಯ ಶತಮಾನದಲ್ಲಿ ಇದೇ ಸೊನ್ನಲಿಗೆಯಲ್ಲಿ ಸಿದ್ಧರಾಮರು ಆಡುವ ಕನ್ನಡದಲ್ಲೇ ದೇವರ ಜೊತೆ ಮಾತಾಡಿದ್ದಾರೆ ಎಂಬುದನ್ನು ಗಡ್ಡದ ಯಾತ್ರೆಯಲ್ಲಿ ನೆನೆಯುತ್ತೇವೆ, ಶಾಲೆಯ ವಹಿ ತಿದ್ದುವಾಗ ಮರೆಯುತ್ತೇವೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ಕಾರನಿಗೂ ಕನ್ನಡ ಒಂದಲ್ಲ, ಹಲವು ಎಂದು ಗೊತ್ತಿತ್ತು. ಆ ಕನ್ನಡಗಳ ಲೆಕ್ಕ ವಾಸುಕಿಗೂ ಹತ್ತದೆಂದು ಅವನು ಕೈಚೆಲ್ಲಿದ. ನಾವು ಕೆಂಪು ಶಾಯಿ ಹಿಡಿದು ಲೆಕ್ಕ ಮುಗಿಸಿಬಿಟ್ಟೆವು.

ನಮ್ಮ ಗೋದಾವರಿ ತೀರದ ಪೈಠಣದ ಕತೆಯನ್ನು ಬಲ್ಲವರು ಬಲ್ಲರು. ಗುಣಾಢ್ಯ ಪಂತದಲ್ಲಿ ಸೋತು ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಟ್ಟ; ಪೈಶಾಚಿಯಲ್ಲಿ ಏಳು ಲಕ್ಷ ಗ್ರಂಥದ ಬೃಹತ್ಕಥೆ ಬರೆದ. ಇದೆಂಥ ಭಾಷೆ ಎಂದು ಸಾತವಾಹನ ರಾಜ ತಿರಸ್ಕರಿಸಿದ. ಗುಣಾಢ್ಯ ಕಾಡಿನಲ್ಲಿ ಕೂತು ಒಂದೊಂದೇ ಎಲೆ ಓದಿ ಬೆಂಕಿಗೆ ಹಾಕಿದ. ಮೃಗಗಳು ಮೇವು ಬಿಟ್ಟು ಕಣ್ಣೀರು ಹಾಕಿ ಕೇಳಿದವು. ರಾಜ ಓಡಿ ಬರುವ ಹೊತ್ತಿಗೆ ಉಳಿದದ್ದು ಒಂದೇ ಲಕ್ಷ. ಈ ಕತೆಯನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಪ್ರತಿ ಸಲವೂ ಗುಣಾಢ್ಯನ ಪಕ್ಕದಲ್ಲಿ ನಿಂತು ಹೇಳಿದೆ. ರಾಜನ ಪಕ್ಕ ನಿಲ್ಲಬೇಕಾದವನು ನಾನೇ ಎಂದು ತಿಳಿಯಲಿಕ್ಕೆ ‘ಕುಸುಮಬಾಲೆ’ ಬೇಕಾಯಿತು.

6

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಆಕ್ಷೇಪ ಪೂರ್ತಿ ಹೋಗಿಲ್ಲ. ದೇಸಿ ಎಂದ ಕೂಡಲೇ ಎಲ್ಲ ಹಳ್ಳಿಯವರಿಗೂ ತಿಳಿಯುತ್ತದೆ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ದೀಪದ ಕತೆ ಅಕ್ಕನಿಗೆ ತಿಳಿಯಿತು. ಮಾತುಗಳು ಎಷ್ಟೋ ಕಡೆ ಅವಳಿಗೂ ತಿಳಿಯಲಿಲ್ಲ. ಒಂದು ಆಡುಮಾತು ಇನ್ನೊಂದು ಆಡುಮಾತಿಗೆ ತಾನಾಗಿ ಬಾಗಿಲು ತೆರೆಯುವುದಿಲ್ಲ. ಶಿಷ್ಟ ಕನ್ನಡಕ್ಕೆ ಎಷ್ಟೇ ದೋಷವಿರಲಿ, ನಂಜನಗೂಡಿನವರೂ ನಾವೂ ಈ ಸಭೆಯಲ್ಲಿ ಕೂತು ಮಾತಾಡುತ್ತಿರುವುದು ಅದರಲ್ಲೇ. ಅದು ಎಲ್ಲರ ಹೊಲಕ್ಕೂ ಹೋಗುವ ಬಂಡಿದಾರಿ. ದಾರಿಯನ್ನೇ ಹೊಲವೆಂದು ತಿಳಿದದ್ದು ನಮ್ಮ ತಪ್ಪು. ಕಾದಂಬರಿಯಲ್ಲಿ ಇಂದಿಗೂ ನನಗೆ ಬಿಡಿಸಲಾಗದ ಪುಟಗಳು ಇವೆ. ಹತ್ತು-ಹನ್ನೆರಡು ಕಡೆ ಪ್ರಶ್ನೆಯ ಗುರುತು ಹಾಗೇ ಉಳಿದಿದೆ. ಸುಸಾನ್ ಡೇನಿಯಲ್ ಅವರ ಇಂಗ್ಲಿಷ್ ಅನುವಾದ 2015ರಲ್ಲಿ ಬಂದಿದೆ. ಅದನ್ನು ಇಟ್ಟುಕೊಂಡು ಓದು ಎಂದು ಕೆಲವರು ಹೇಳಿದರು. ಕನ್ನಡಿಗ ಕನ್ನಡ ಪುಸ್ತಕಕ್ಕೆ ಇಂಗ್ಲಿಷಿನ ಛಾಯೆ ಹಿಡಿಯುವುದು ಈ ವಯಸ್ಸಿನಲ್ಲಿ ನನ್ನಿಂದ ಆಗಲಿಲ್ಲ.

ಆದ್ದರಿಂದ ಸಭೆಗೆ ಮೂರು ವಿನಂತಿ. ಒಂದು, ಇಂಥ ಕೃತಿಗಳನ್ನು ಆಯಾ ಸೀಮೆಯವರ ಬಾಯಲ್ಲಿ ಪೂರ್ತಿ ಓದಿಸಿ ಧ್ವನಿಮುದ್ರಿಸಿ ಇಡಬೇಕು. ಕಣ್ಣಿಗೆ ಗಂಟಾದದ್ದು ಕಿವಿಗೆ ಎಷ್ಟೋ ಸಲ ಸಡಿಲಾಗುತ್ತದೆ. ನಾನು ಮೂರನೆಯ ಸಲ ಪೂರ್ತಿ ಕಾದಂಬರಿಯನ್ನು ದೊಡ್ಡದಾಗಿ ಓದಿಯೇ ಮುಗಿಸಿದ್ದು. ಎರಡು, ಪದಕೋಶ ಮಾಡುವಾಗ ಶಿಷ್ಟ ಕನ್ನಡದ ಅರ್ಥ ಒಂದನ್ನೇ ಕೊಡದೆ ಬೇರೆ ಸೀಮೆಗಳ ರೂಪಗಳನ್ನೂ ಪಕ್ಕದಲ್ಲಿ ಕೊಡಬೇಕು. ‘ಯಾನ’ದ ಎದುರು ‘ಏನು’ ಜೊತೆಗೆ ನಮ್ಮ ‘ಏನ’ವೂ ಇರಲಿ. ಮೂರು, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಹುಡುಗರು ಮನೆಮಾತಿನಲ್ಲಿ ಬರೆದ ಪುಟಗಳನ್ನು ತಿದ್ದದೆ ಸಂಗ್ರಹಿಸಬೇಕು. ಪರೀಕ್ಷೆಗೆ ಬೇಕಾದ ಕನ್ನಡವನ್ನು ಕಲಿಸಲೇಬೇಕು, ಅದಕ್ಕೆ ಬೇರೆ ವಹಿ ಇರಲಿ.

ನನ್ನ ಪ್ರತಿಯಲ್ಲಿ ಮೂವತ್ತು ಪುಟ ಪೆನ್ಸಿಲಿನ ಛಾಯೆ ಇದೆಯಲ್ಲ, ಅದನ್ನು ಅಳಿಸಿಬಿಡೋಣ ಎಂದು ರಬ್ಬರು ಹಿಡಿದು ಕೂತಿದ್ದೆ. ಅಕ್ಕ ನೋಡಿ, “ಬರದಿದ್ದು ಯಾಕ ಅಳಸ್ತಿ, ಇರ್ಲಿ ಬಿಡು” ಅಂದಳು. ಹಾಗೇ ಬಿಟ್ಟಿದ್ದೇನೆ. ಮೂವತ್ತೊಂದನೆಯ ಪುಟದಿಂದ ಮುಂದೆ ಮೇಲೆ ಏನೂ ಬರೆದಿಲ್ಲ.

ಹಿರಿಯರು, ವಿದ್ವಾಂಸರು ಇದರಲ್ಲಿ ತಪ್ಪಿದ್ದರೆ ತಿದ್ದಬೇಕು. ಶಾಯಿ ಯಾವ ಬಣ್ಣದ್ದಾದರೂ ಸರಿ, ತಿದ್ದಿಸಿಕೊಳ್ಳುವ ಸರದಿ ಈಗ ನನ್ನದು.